ಕಲ ಹಕತರ

ನಮ್ಮ ಶಾಲೆಯ ದೂರು ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಮುಖ್ಯ ಗುರುಗಳ ಬಳಿ, ಇನ್ನೊಂದರದು ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಮಹಿಳಾ ಸದಸ್ಯೆಯೊಬ್ಬರ ಬಳಿ. ಹಸಿರು ಬಣ್ಣ ಬಳಿದ ತಗಡಿನ ಪೆಟ್ಟಿಗೆ. ಅದರ ಮೇಲೆ ಬಿಳಿಯ ಅಂಕಿಗಳಲ್ಲಿ 1098, ಮಕ್ಕಳ ಸಹಾಯವಾಣಿಯ ಸಂಖ್ಯೆ. ತಿಂಗಳ ಕೊನೆಯ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಅದನ್ನು ತೆರೆಯುತ್ತೇವೆ. ಒಳಗೆ ಸಾಮಾನ್ಯವಾಗಿ ಸಿಗುವುದು ಚಾಕೊಲೇಟ್ ಕಾಗದ, ತುಂಡು ಬಳಪ, ಹುಣಸೆ ಬೀಜ. ಚೀಟಿ ಇದ್ದರೆ ‘ಮೊಟ್ಟೆ ದೊಡ್ಡದು ಕೊಡಿ’ ಎಂಬಂಥ ಬೇಡಿಕೆ. ಒಮ್ಮೆ ಯಾರೋ ತಮ್ಮ ಹಾಲುಹಲ್ಲನ್ನೇ ಕಾಗದದಲ್ಲಿ ಸುತ್ತಿ ಹಾಕಿದ್ದರು. ಅದು ದೂರೋ ಕಾಣಿಕೆಯೋ ಇಂದಿಗೂ ತಿಳಿದಿಲ್ಲ.

2024ರ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಚೀಟಿ ಸಿಕ್ಕಿತು. ಗೆರೆ ನೋಟ್‌ಬುಕ್ಕಿನ ಮೂಲೆಯಿಂದ ಹರಿದದ್ದು, ಬೆರಳಗಲ. ಪೆನ್ಸಿಲ್ಲಿನಲ್ಲಿ ಹೀಗೆ ಬರೆದಿತ್ತು:

‘ನರನ ಟಂಕ ಹತರ ಕಲ ಹಕತರ’

ಕನ್ನಡ ಕಲಿಸುವವಳು ನಾನಾದ್ದರಿಂದ ಚೀಟಿ ನನ್ನ ಕೈಗೆ ಬಂತು. ಇಂಥ ಬರಹವನ್ನು ಓದಿ ಓದಿ ನನಗೆ ಅಭ್ಯಾಸವಾಗಿಬಿಟ್ಟಿದೆ. ಮಗು ಬಿಟ್ಟ ಗುಣಿತ, ಒತ್ತಕ್ಷರಗಳನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. “ನೀರಿನ ಟ್ಯಾಂಕ್ ಹತ್ತಿರ ಕಲ್ಲು ಹಾಕುತ್ತಾರೆ” ಎಂದು ಓದಿ ಹೇಳಿದೆ. ಯಾರಿಗೂ ಅನುಮಾನ ಬರಲಿಲ್ಲ. ಟ್ಯಾಂಕಿಗೆ ಕಲ್ಲೆಸೆಯುವುದು ನಮ್ಮ ಹುಡುಗರ ಹಳೆಯ ಆಟ. ಸೋಮವಾರ ಪ್ರಾರ್ಥನೆಯ ವೇಳೆ ದೈಹಿಕ ಶಿಕ್ಷಕರು ಎಲ್ಲರಿಗೂ ಗದರಿದರು. ದೂರು ಪುಸ್ತಕದ ಕೊನೆಯ ಅಂಕಣದಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲಾಯಿತು’ ಎಂದು ಬರೆದು ಸಹಿ ಹಾಕಿದೆವು.

ಮೂರು ವಾರ ಕಳೆದ ಮೇಲೆ ಬಿಸಿಯೂಟದ ಅಡುಗೆಯವರು ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ಆರನೆಯದರ ಆ ಹುಡುಗಿ ನೀರೇ ಕುಡಿಯುವುದಿಲ್ಲ. ಊಟಕ್ಕೆ ಕೂತರೆ ಲೋಟ ಮುಟ್ಟುವುದಿಲ್ಲ. ಕೇಳಿದರೆ ಬಾಯಾರಿಕೆ ಇಲ್ಲ ಅನ್ನುತ್ತಾಳೆ. ಇಂಥ ಬಿಸಿಲಿನಲ್ಲಿ ಬಾಯಾರಿಕೆ ಇಲ್ಲವೇ?”

ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದೆ. ಶೌಚಾಲಯದ ನಲ್ಲಿ ಕೆಟ್ಟು, ಅದಕ್ಕೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಹುಡುಗಿಯರು ಹೋಗುತ್ತಿದ್ದುದು ಟ್ಯಾಂಕಿನ ಹಿಂದಿನ ಜಾಲಿ ಪೊದೆಯ ಕಡೆಗೆ. ಟ್ಯಾಂಕಿಗೂ ಕಾಂಪೌಂಡಿಗೂ ನಡುವೆ ಒಬ್ಬರು ಮಾತ್ರ ನುಸುಳುವಷ್ಟು ಸಂದಿಯಿದೆ.

ಚೀಟಿಯ ಅಕ್ಷರ ಅವಳದೇ ಎಂದು ನನಗೆ ಆಗ ಹೊಳೆಯಿತು. ಅವಳ ‘ಟ’ ಯಾವಾಗಲೂ ಹಿಂದಕ್ಕೆ ವಾಲಿರುತ್ತದೆ. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀನೇ ಬರೆದದ್ದೇ ಎಂದು ಕೇಳದೆ, ಇದನ್ನು ನನಗೆ ಓದಿ ಹೇಳುತ್ತೀಯಾ ಎಂದೆ. ಅಕ್ಷರದ ಮೇಲೆ ಬೆರಳಿಟ್ಟು ಓದಿದಳು.

“ಕಲ್ಲು ಹಾಕುತ್ತಾರಾ?” ಎಂದೆ.

“ಕಲ್ಲಲ್ಲ ಟೀಚರ್. ಕಾಲು.”

ಕಟ್ಟೆಯ ಮೇಲೆ ಕುಳಿತು, ಹುಡುಗಿಯರು ಸಂದಿಯಲ್ಲಿ ಬರುವಾಗ ಕಾಲು ಅಡ್ಡ ಹಾಕುತ್ತಾರೆ. ದಾಟಿದರೆ ನಗುತ್ತಾರೆ. ಬಟ್ಟೆ ಎಳೆಯುತ್ತಾರೆ. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಚೀಟಿಯನ್ನೇ ನೋಡುತ್ತಿದ್ದಳು. ಅಲ್ಲಿ ಬರೆದಾಗಿದೆಯಲ್ಲ, ಮತ್ತೇಕೆ ಕೇಳುತ್ತೀರಿ ಎನ್ನುವ ಹಾಗೆ.

ಆ ದಿನವೇ ಮುಖ್ಯ ಗುರುಗಳ ಎದುರಿನಲ್ಲಿ 1098ಕ್ಕೆ ಕರೆ ಮಾಡಿದೆವು. ಮುಂದಿನದು ಆ ಮಗುವಿಗೆ, ಅವಳ ತಾಯಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ. ಇಷ್ಟು ಬರೆದದ್ದರಲ್ಲೂ ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಶೌಚಾಲಯದ ನಲ್ಲಿ ಮಾತ್ರ ನಾಲ್ಕೇ ದಿನದಲ್ಲಿ ಸರಿಯಾಯಿತು ಎನ್ನಬಹುದು. ಎರಡು ತಿಂಗಳು ಆಗದ ಕೆಲಸ ನಾಲ್ಕು ದಿನದಲ್ಲಿ ಹೇಗಾಯಿತು ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಇಲ್ಲಿ ನನ್ನ ತಲೆ ತಿನ್ನುತ್ತಿರುವುದು ಬೇರೆ. ಅವಳು ಹೇಳಬೇಕಾದುದನ್ನು ಹೇಳಿದ್ದಳು, ಬರೆದು ಹೇಳಿದ್ದಳು, ಸರಿಯಾದ ಪೆಟ್ಟಿಗೆಗೇ ಹಾಕಿದ್ದಳು. ಒಂದು ದೀರ್ಘ ಇಲ್ಲದ್ದರಿಂದ ಕಾಲು ಕಲ್ಲಾಯಿತು. ದೀರ್ಘ ಬಿಟ್ಟವಳು ಅವಳು, ಒತ್ತು ಸೇರಿಸಿದವಳು ನಾನು.

ಆರನೆಯ ತರಗತಿಯ ಹುಡುಗಿ ಗುಣಿತವಿಲ್ಲದೆ ಏಕೆ ಬರೆಯುತ್ತಾಳೆ ಎನ್ನುವುದಕ್ಕೆ ಲೆಕ್ಕ ಸರಳವಾಗಿದೆ. ಅವಳು ಒಂದನೆಯ ತರಗತಿಗೆ ಸೇರಿದ್ದು 2019ರ ಜೂನ್‌ನಲ್ಲಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಕಲಿಸುವುದು ನಲಿ-ಕಲಿಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಕಟ್ಟಿದ್ದು. ಅದರಲ್ಲಿ ಅ ಆ ಇ ಈ ಎಂದು ಸಾಲಾಗಿ ಕಲಿಸುವುದಿಲ್ಲ. ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದು ಬಂದ ಕೂಡಲೇ ಮಗು ಅರಸ, ಅಗಸ, ಸರ, ಗರಗಸ ಎಂದು ಓದಲು ತೊಡಗುತ್ತದೆ. ಆಮೇಲೆ ಜ, ವ, ಮ, ಬ, ನ. ಆಗ ಮರ, ಜನ, ವನ ಎಲ್ಲ ಸಿಗುತ್ತವೆ. ವಾರದೊಳಗೆ ಪದ ಓದಿದ ಮಗುವಿನ ಮುಖವನ್ನು ನೋಡಬೇಕು. ನಾನು ಈ ಪದ್ಧತಿಯನ್ನು ಎಷ್ಟೋ ವಿಷಯಕ್ಕೆ ಬೈದಿದ್ದೇನೆ (ಪಾಠ ಕಲಿಸುವ ಅದರ ಕಾರ್ಡುಗಳನ್ನು ಇಲಿಯಿಂದ ಕಾಪಾಡುವುದೇ ಒಂದು ಉದ್ಯೋಗ), ಅಕ್ಷರಗಳ ಈ ಕ್ರಮಕ್ಕೆ ಮಾತ್ರ ಕೈ ಮುಗಿಯುತ್ತೇನೆ.

ಕಾಗುಣಿತ ಆಮೇಲೆ ಬರುತ್ತದೆ, ಒತ್ತಕ್ಷರ ಅದಕ್ಕೂ ಆಮೇಲೆ. ಅವಳಿಗೆ ಆ ‘ಆಮೇಲೆ’ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಎಂದು ಗುಡಿಕಟ್ಟೆ, ಮರದಡಿಗಳಲ್ಲಿ ಪಾಠ ಶುರುವಾಗಿ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಹಾಜರಿ ಪುಸ್ತಕದ ಪ್ರಕಾರ ಅವಳು ಮೂರನೆಯ ತರಗತಿ. ಮನೆಯಲ್ಲಿದ್ದ ಒಂದೇ ಮೊಬೈಲ್ ಅಣ್ಣನ ಕೈಯಲ್ಲಿತ್ತು. ನಾಲ್ಕು, ಐದನೆಯ ತರಗತಿಗಳಲ್ಲಿ ಆಗಸ್ಟ್ ಬಂದರೆ ಬೀಜದ ಹತ್ತಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸ. ಹುಡುಗಿಯರ ಸಣ್ಣ ಬೆರಳೇ ಬೇಕು ಎನ್ನುತ್ತಾರೆ. ಆ ಬೆರಳು ಪೆನ್ಸಿಲ್ಲಿಗೂ ಬೇಕಿತ್ತು.

ಅವಳೊಬ್ಬಳದೇ ಕಥೆಯಲ್ಲ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುವ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 27.3 ಇದ್ದರು. 2022ರಲ್ಲಿ ಅದು 20.5ಕ್ಕೆ ಇಳಿಯಿತು, 2024ರಲ್ಲಿ 27.1ಕ್ಕೆ ಬಂತು. ಚೇತರಿಸಿಕೊಂಡೆವು ಎಂದು ಸಭೆಗಳಲ್ಲಿ ಚಪ್ಪಾಳೆಯಾಯಿತು. ಚೇತರಿಸಿಕೊಂಡ ಮೇಲೂ ನಾಲ್ವರಲ್ಲಿ ಮೂವರು ಓದುತ್ತಿಲ್ಲ ಎನ್ನುವುದನ್ನು ಚಪ್ಪಾಳೆ ನಿಂತ ಮೇಲಾದರೂ ಯಾರಾದರೂ ಹೇಳಬೇಕಿತ್ತು. ನಾನಿರುವ ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡಿಮೆ. ಹೆಂಗಸರದು 41.38. ಇಂದಿನ ನನ್ನ ಮಕ್ಕಳ ತಾಯಂದಿರಲ್ಲಿ ಬಹಳಷ್ಟು ಮಂದಿ ಆ 41ರ ಹೊರಗೆ ಉಳಿದವರು. ಮಗಳ ಚೀಟಿ ಅವರ ಕೈಗೆ ಸಿಕ್ಕಿದ್ದರೂ ಅವರು ಅದನ್ನು ನನ್ನ ಬಳಿಗೇ ತರಬೇಕಿತ್ತು.

ನಮಗೆ ತರಬೇತಿಗಳಿಗೇನೂ ಬರವಿಲ್ಲ. ಓದುಬರಹದ ತರಬೇತಿ ಒಂದು ವಾರ, ಮಕ್ಕಳ ರಕ್ಷಣೆಯ ತರಬೇತಿ ಇನ್ನೊಂದು ವಾರ. ಇಲಾಖೆ ಬೇರೆ, ಬ್ಯಾನರ್ ಬೇರೆ, ಸಂಪನ್ಮೂಲ ವ್ಯಕ್ತಿಗಳು ಬೇರೆ. ಉಪ್ಪಿಟ್ಟು ಮಾತ್ರ ಒಂದೇ. ಒಂದರಲ್ಲಿ ಒತ್ತಕ್ಷರ ಹೇಗೆ ಕಲಿಸಬೇಕೆಂದು ಹೇಳುತ್ತಾರೆ. ಇನ್ನೊಂದರಲ್ಲಿ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂದು ಚಿತ್ರಪಟ ತೋರಿಸುತ್ತಾರೆ. ಆ ಚೀಟಿಯನ್ನು ಓದುವ ತನಕ ಇವೆರಡೂ ಒಂದೇ ಪಾಠ ಎಂದು ನನಗೂ ಅನ್ನಿಸಿರಲಿಲ್ಲ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯನ್ನು ಆಮೇಲೆ ಮತ್ತೊಮ್ಮೆ ಓದಿದೆ. ತರಬೇತಿಯಲ್ಲಿ ನಮಗೆ ನೆನಪಿನಲ್ಲಿ ಉಳಿಯುವುದು ಶಿಕ್ಷೆಯ ಭಾಗ: ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಲ್ಲರೂ ಅದನ್ನು ಬರೆದುಕೊಳ್ಳುತ್ತಾರೆ, ಭಯಕ್ಕೆ. ನನ್ನ ಕಣ್ಣಿಗೆ ಈ ಸಲ ಬಿದ್ದದ್ದು ಬೇರೆ ಸಾಲುಗಳು. ಮಗುವೇ ದೂರು ಕೊಟ್ಟರೆ ಅದನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ದಾಖಲಿಸಬೇಕು. ಬರೆದುಕೊಂಡದ್ದನ್ನು ದೂರು ಕೊಟ್ಟವರಿಗೆ ಓದಿ ಹೇಳಬೇಕು. ಹೇಳಿಕೆಯನ್ನು ಮಗು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು, ಪೊಲೀಸರು ಆಗ ಸಮವಸ್ತ್ರದಲ್ಲಿ ಇರಬಾರದು. ಓದಿ ಹೇಳುವ ಈ ಒಂದು ಕೆಲಸವನ್ನು ನಾನು ಆ ಶನಿವಾರ ಮಾಡಿದ್ದರೆ ಸಾಕಿತ್ತು. ಪ್ರಾರ್ಥನೆಯಲ್ಲಿ, ಹೆಸರು ಹೇಳದೆ, ‘ಪೆಟ್ಟಿಗೆಯಲ್ಲಿ ಹೀಗೊಂದು ಚೀಟಿ ಬಂದಿದೆ, ನಾವು ಹೀಗೆ ಓದಿಕೊಂಡಿದ್ದೇವೆ’ ಎಂದಿದ್ದರೆ, ಎಲ್ಲೋ ಸಾಲಿನಲ್ಲಿ ಒಂದು ತಲೆ ಅಲ್ಲ ಎಂದು ಆಡುತ್ತಿತ್ತು.

ಚೀಟಿಯಲ್ಲಿ ಇನ್ನೊಂದು ಗಂಟು ಇತ್ತು. ಅದು ಕಣ್ಣಿಗೆ ಬೀಳಲು ನನಗೆ ಇನ್ನೂ ಒಂದು ತಿಂಗಳು ಹಿಡಿಯಿತು, ಅದೂ ವ್ಯಾಕರಣದ ಪಾಠದ ನಡುವೆ. ಕರ್ತೃ, ಕರ್ಮ, ಕ್ರಿಯಾಪದ ಹೇಳಿಕೊಡುತ್ತಿದ್ದೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಕ್ರಿಯಾಪದದ ಬಾಲದಲ್ಲೇ ಅದು ಅಡಗಿರುತ್ತದೆ. ‘ಹಾಕುತ್ತಾನೆ’ ಎಂದರೆ ಅವನು, ‘ಹಾಕುತ್ತಾಳೆ’ ಎಂದರೆ ಅವಳು. ‘ಹಾಕುತ್ತಾರೆ’ ಎಂದರೆ? “ಅವರು” ಎಂದು ಇಡೀ ತರಗತಿ ಕೂಗಿತು. ಅವರು ಎಂದರೆ ಎಷ್ಟು ಜನ ಎಂದು ಕೇಳಿದೆ. “ಬಹಳ ಜನ” ಎಂದ ಒಬ್ಬ. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ದೊಡ್ಡವರಾದರೆ ಒಬ್ಬರೇ ಟೀಚರ್” ಎಂದಳು.

ಸೀಮೆಸುಣ್ಣ ಕೈಯಲ್ಲೇ ನಿಂತಿತು. ‘ಹಕತರ.’ ಹಲವು ಹುಡುಗರು ಎಂದು ನಾವೆಲ್ಲ ತಕ್ಷಣ ಓದಿಕೊಂಡಿದ್ದೆವು. ಗೌರವದಿಂದ ಬಹುವಚನ ಹಚ್ಚಿ ಕರೆಯಬೇಕಾದ ಒಬ್ಬರು ಇರಬಹುದು ಎಂಬ ಓದು ಆ ಕೋಣೆಯಲ್ಲಿದ್ದ ಐದು ಜನ ದೊಡ್ಡವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಅಥವಾ ಹೊಳೆದರೂ ಬಾಯಿಗೆ ಬಂದಿರಲಿಲ್ಲ. ಈ ಸಲ ಅವರು ಹೈಸ್ಕೂಲಿನ ಹುಡುಗರೇ ಆಗಿದ್ದರು, ಜೊತೆಗೆ ನಮ್ಮ ಏಳನೆಯ ತರಗತಿಯ ಇಬ್ಬರು. ಆದರೂ ಮಗು ಬರೆದ ಒಂದು ಅಕ್ಷರಕ್ಕೆ ಎರಡು ಅರ್ಥವಿರುವಾಗ ನಮಗೆ ಅನುಕೂಲವಾದುದನ್ನೇ ಆರಿಸಿಕೊಂಡೆವು ಎಂಬುದು ಹಾಗೇ ಉಳಿಯಿತು.

ಆ ಪಾಠವನ್ನು ಒಂದು ವಾರ ಎಳೆದೆ. ಹಲಗೆಯ ಮೇಲೆ ಕರ್ತೃ ಕಾಣದ ವಾಕ್ಯ ಬರೆಯುವುದು, ‘ಯಾರು?’ ಎಂದು ಕೇಳುವುದು. ‘ಕಿಟಕಿಯ ಗಾಜು ಒಡೆಯಿತು.’ ಎಲ್ಲರೂ ನಕ್ಕು ಒಬ್ಬನ ಕಡೆ ನೋಡಿದರು. ‘ಅವಳು ಶಾಲೆ ಬಿಟ್ಟಳು.’ ಇದರಲ್ಲಿ ಕರ್ತೃ ಇದೆಯಲ್ಲ ಟೀಚರ್ ಎಂದರು. ಇದೆ, ಆದರೆ ಸರಿಯಾದವರೇ ಎಂದು ನೋಡಿ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಎದ್ದು, “ಬಿಡಿಸಿದರು” ಎಂದಳು. ನಮ್ಮ ದಾಖಲೆಗಳಲ್ಲಿ ಇಂಥ ಮಕ್ಕಳಿಗೆ ‘ಶಾಲೆಯಿಂದ ಹೊರಗುಳಿದವರು’ ಎಂಬ ಹೆಸರಿದೆ. ತಾವಾಗಿಯೇ ಹೊರಗೆ ನಿಂತು ಉಳಿದುಬಿಟ್ಟರೋ ಎಂಬಂತೆ.

‘ಅಕ್ಕನಿಗೆ ಮದುವೆ ಆಯಿತು’ ಎಂದು ಬರೆದಾಗ ತರಗತಿ ಸುಮ್ಮನಾಯಿತು. ಮಳೆ ಆಯಿತು, ರಾತ್ರಿ ಆಯಿತು, ಮದುವೆ ಆಯಿತು. ನಮ್ಮ ಭಾಷೆಯಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಕೂರುತ್ತವೆ. ಕರ್ನಾಟಕದಲ್ಲಿ ಈಗ ಬಾಲ್ಯವಿವಾಹ ನಡೆದ ಕ್ಷಣದಿಂದಲೇ ಅಸಿಂಧು. 2006ರ ಕೇಂದ್ರ ಕಾಯ್ದೆಯ ಪ್ರಕಾರ ಅದನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಹೋಗಬೇಕಿತ್ತು. ರಾಜ್ಯದ 2016ರ ತಿದ್ದುಪಡಿ ಅಂಥ ಮದುವೆ ನಡೆದೇ ಇಲ್ಲ ಎಂದು ಲೆಕ್ಕ ಹಾಕುತ್ತದೆ. ಕಾಗದದ ಮೇಲೆ ನಡೆಯದ ಈ ಮದುವೆಗಳ ಗಾತ್ರ ತಿಳಿಯಲು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಬೇಕು: ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ‘ಆದವರು.’ ನೋಡಿ, ನಾನೂ ಹಾಗೆಯೇ ಬರೆದೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇಕಡಾ 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವವರು ಹೆಚ್ಚಿದರೋ ಎಂದು ತಿಳಿದವರು ವಾದಿಸುತ್ತಾರೆ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಹುಡುಗರು ಬೆಳೆದದ್ದು ಈ ಮನೆಗಳಲ್ಲೇ ಎಂಬುದರಲ್ಲಿ ನನಗೆ ವಾದವಿಲ್ಲ. ನಮ್ಮ ಏಳನೆಯ ತರಗತಿಯ ಆ ಇಬ್ಬರಿಂದ ನಡೆದದ್ದನ್ನು ಬರೆಸಿದೆ. ಪಶ್ಚಾತ್ತಾಪವನ್ನು ನಿರೀಕ್ಷಿಸಿದ್ದೆನೇನೋ. ಒಬ್ಬ ಬರೆದ: ‘ನಾವು ಏನೂ ಮಾಡಲಿಲ್ಲ. ಕಾಲು ಅಲ್ಲಿ ಇತ್ತು. ಅವರೇ ಎಡವಿದರು.’ ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿತ್ತು. ಕಾಲು ಅಲ್ಲಿ ಇತ್ತಂತೆ! ಹನ್ನೆರಡು ವರ್ಷಕ್ಕೇ ಇಷ್ಟು ಅಚ್ಚುಕಟ್ಟಾದ ವಕೀಲಿಕೆ. ಓದುಬರಹ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಆ ಹಾಳೆಯನ್ನು ತೋರಿಸಬೇಕೆಂದು ಎತ್ತಿಟ್ಟಿದ್ದೇನೆ.

ಹುಡುಗಿಯರಿಗೆ ಓದಲು ಜಾಗವಾದರೂ ಎಲ್ಲಿದೆ? ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ಈಗ ಅರಿವು ಕೇಂದ್ರ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪುಸ್ತಕಗಳೂ ಚೆನ್ನಾಗಿವೆ. ಆದರೆ ಸಂಜೆ ಅದರ ಮುಂದಿನ ಕಟ್ಟೆಯಲ್ಲಿ ಗಂಡಸರು ಕೂತಿರುತ್ತಾರೆ. ಹುಡುಗಿಯರು ಅವರ ಮುಂದೆ ಹಾದು ಒಳಗೆ ಹೋಗಬೇಕು. ಹೋಗುವುದಿಲ್ಲ. ಕಳೆದ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಆರನೆಯ ತರಗತಿಯ ಹುಡುಗಿಯರು ಇದನ್ನು ಕೇಳಿದರು. ಅವರೇ ಬರೆದುಕೊಂಡು ಹೋಗಿದ್ದ ವಾಕ್ಯ: ‘ಕಟ್ಟೆಯ ಮೇಲೆ ಗಂಡಸರು ಕೂರುತ್ತಾರೆ. ಆದ್ದರಿಂದ ನಾವು ಒಳಗೆ ಹೋಗುವುದಿಲ್ಲ.’ ಸಭೆಯಲ್ಲಿ ಕೂತಿದ್ದ ಹಿರಿಯರೊಬ್ಬರು, “ನಾವೇನು ಮಾಡಿದೆವಮ್ಮ?” ಎಂದರು. ಅಧ್ಯಕ್ಷರು ನಕ್ಕರು. ಆದರೂ ಈಗ ಮಂಗಳವಾರ, ಶುಕ್ರವಾರ ನಾಲ್ಕರಿಂದ ಐದರವರೆಗೆ ಗ್ರಂಥಪಾಲಕರೇ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರುತ್ತಾರೆ, ಕಟ್ಟೆ ತನಗೇ ಬೇಕು ಎನ್ನುವ ಹಾಗೆ. ಬೇರೆಯವರು ಎದ್ದು ಹೋಗುತ್ತಾರೆ. ಯಾವ ಸುತ್ತೋಲೆಯಲ್ಲೂ ಇಲ್ಲದ ಉಪಾಯ.

ನಾನು ಮಾಡಿದ್ದು ಹೆಚ್ಚೇನಿಲ್ಲ. ಶನಿವಾರದ ಕೊನೆಯ ಅವಧಿಯನ್ನು ಓದಿಗೆ ಇಟ್ಟೆ. ನಲಿ-ಕಲಿಯ ಕಾರ್ಡುಗಳನ್ನು ಒಂದನೆಯ ತರಗತಿಯಿಂದ ಎರವಲು ತಂದು, ಆರನೆಯವರಿಗೆ ಅವಮಾನವಾಗದಂತೆ, ‘ಚಿಕ್ಕವರಿಗೆ ಕಲಿಸಲು ನೀವು ಮೊದಲು ನೋಡಿಕೊಳ್ಳಿ’ ಎಂದು ಕೊಟ್ಟೆ. ಗುಣಿತ ಬಿಟ್ಟರೆ ಏನಾಗುತ್ತದೆ ಎಂದು ಜೋಡಿ ಪದ ಬರೆಸಿದೆ: ಕಲ್ಲು ಕಾಲು, ಹಲ್ಲು ಹಾಲು, ಮರ ಮಾರ. ಪ್ರತಿಯೊಬ್ಬರೂ ವಾರಕ್ಕೆ ಮೂರು ವಾಕ್ಯ ಬರೆಯಬೇಕು; ಯಾರು, ಏನು, ಎಲ್ಲಿ ಎಂಬುದು ಅದರಲ್ಲಿ ಇರಬೇಕು. ಬರೆದದ್ದನ್ನು ಎದ್ದು ನಿಂತು ಓದಬೇಕು. ತಪ್ಪಿದ್ದಲ್ಲಿ ನಾನು ತಡೆಯುತ್ತೇನೆ, ಮತ್ತೆ ಓದಿಸುತ್ತೇನೆ. ಮೂರು ತಿಂಗಳಲ್ಲಿ ಆ ಹುಡುಗಿಯ ಬರಹಕ್ಕೆ ದೀರ್ಘ ಬಂತು, ಒತ್ತು ಬಂತು. ‘ಟ’ ಇನ್ನೂ ಹಿಂದಕ್ಕೇ ವಾಲುತ್ತದೆ. ಮಧ್ಯಾಹ್ನ ನೀರು ಕುಡಿಯುತ್ತಾಳೆ ಎಂದು ಅಡುಗೆಯವರು ಹೇಳಿದರು. ಈ ವರದಿಯನ್ನು ಅವರು ಯಾವ ಇಲಾಖೆಯೂ ಕೇಳದೆ ಪ್ರತಿ ವಾರ ಕೊಡುತ್ತಾರೆ.

ಫೆಬ್ರವರಿಯ ಕೊನೆಯ ಶನಿವಾರ ಪೆಟ್ಟಿಗೆ ತೆರೆದಾಗ ಒಂದೇ ಚೀಟಿ ಇತ್ತು. ಈಗ ಓದುವ ಕೆಲಸ ನನ್ನದಲ್ಲ. ಮಕ್ಕಳಿಂದಲೇ ಇಬ್ಬರು ಪ್ರತಿನಿಧಿಗಳು ಓದುತ್ತಾರೆ. ಏಳನೆಯ ತರಗತಿಯ ಹುಡುಗಿ ಬಿಡಿಸಿ ನೋಡಿದಳು, ನನ್ನನ್ನು ನೋಡಿದಳು, ಮುಖ್ಯ ಗುರುಗಳನ್ನು ನೋಡಿದಳು. “ಓದಮ್ಮ” ಎಂದರು ಅವರು.

‘ಕನ್ನಡ ಟೀಚರ್ ಶನಿವಾರ ತಪ್ಪು ಬರೆದವರನ್ನು ನಿಲ್ಲಿಸಿ ಮತ್ತೆ ಮತ್ತೆ ಓದಿಸುತ್ತಾರೆ. ಹುಡುಗರು ನಗುತ್ತಾರೆ. ಟೀಚರ್ ಕೂಡ ಒಂದು ಸಲ ನಕ್ಕರು.’

‘ಟ’ ನೆಟ್ಟಗಿತ್ತು, ಇದು ಬೇರೆ ಯಾರೋ. ಯಾರು, ಏನು, ಎಲ್ಲಿ ಎಲ್ಲವೂ ಇತ್ತು. ‘ಓದಿಸುತ್ತಾರೆ’ ಎಂದಿದ್ದರೂ ಎಷ್ಟು ಜನ ಎಂದು ಕೇಳುವಂತಿರಲಿಲ್ಲ. ನಕ್ಕದ್ದು ನನಗೆ ನೆನಪಿಲ್ಲ. ನಕ್ಕಿರುತ್ತೇನೆ.

ಮುಖ್ಯ ಗುರುಗಳು ದೂರು ಪುಸ್ತಕ ತೆಗೆದರು. ಕೊನೆಯ ಅಂಕಣಕ್ಕೆ ಬಂದಾಗ ಅಭ್ಯಾಸಬಲದಿಂದ ‘ಸೂಕ್ತ ಕ್ರಮ’ ಎಂದು ಬರೆಯತೊಡಗಿ ನಿಂತರು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಆ ಎರಡು ಪದಗಳನ್ನು ಹೊಡೆದು ಹಾಕಿ ಬರೆದೆ: ‘ನಾನು ಮಕ್ಕಳನ್ನು ನಿಲ್ಲಿಸಿ ಓದಿಸಿದೆ. ಇನ್ನು ಮುಂದೆ ಇಬ್ಬಿಬ್ಬರು ಜೊತೆಯಾಗಿ ಕುಳಿತು ಓದಿಕೊಳ್ಳುತ್ತಾರೆ.’

“ಮೇಡಂ, ತಪಾಸಣೆಗೆ ಬಂದವರು ಇದೇನೆಂದು ಕೇಳುತ್ತಾರೆ” ಎಂದರು ಅವರು.

“ಓದಿ ಹೇಳೋಣ ಸರ್” ಎಂದೆ. ಹುಡುಗಿ ಚೀಟಿಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟಳು. ಎಸ್‌ಡಿಎಂಸಿಯ ಅಮ್ಮ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.